ಕಣ್ಕಟ್ಟಿನ ಹಡಗುಗಳು: ಮಕ್ಕಳ ಚಿತ್ರಪುಸ್ತಕ ಮಾಡುತ್ತಿದ್ದೇವೆ, ಎಲ್ಲಿ ಎಡವಿದ್ದೇವೆ ಹೇಳಿ

ಗುಬ್ಬಿಗೂಡು:

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಗೆಳತಿಯೂ ಸೇರಿ 32 ಪುಟದ ಒಂದು ಮಕ್ಕಳ ಪುಸ್ತಕ ಮಾಡುತ್ತಿದ್ದೇವೆ. ಬರವಣಿಗೆ ನನ್ನದು, ಚಿತ್ರ ಅವಳದು. ಅವಳೂ ಇಲ್ಲೇ ಇದ್ದಾಳೆ, ಮಸಿಕುಡಿಕೆ ಅನ್ನುವ ಹೆಸರಲ್ಲಿ. ಕಟ್ಟುಕತೆ ಅಲ್ಲ, ನಿಜವಾಗಿ ನಡೆದದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಹಡಗುಗಳಿಗೆ ಕಪ್ಪು, ಬಿಳಿ, ನೀಲಿ ಪಟ್ಟೆಗಳನ್ನು ಅಡ್ಡಾದಿಡ್ಡಿ ಬಳಿದಿತ್ತಲ್ಲ, ಅದರ ಬಗ್ಗೆ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1917ರ ಫೆಬ್ರವರಿ 1ರಿಂದ ಜರ್ಮನಿಯ ಸಬ್‌ಮರೀನ್‌ಗಳು ಎಚ್ಚರಿಕೆ ಕೊಡದೆ ಸರಕಿನ ಹಡಗುಗಳನ್ನೂ ಹೊಡೆಯಲು ಶುರು ಮಾಡಿದವು. ಆ ಏಪ್ರಿಲ್ ಒಂದೇ ತಿಂಗಳಲ್ಲಿ ಮುಳುಗಿದ್ದು 8 ಲಕ್ಷ ಟನ್‌ಗಿಂತ ಜಾಸ್ತಿ. ಆಗ ನಾರ್ಮನ್ ವಿಲ್ಕಿನ್ಸನ್ ಅಂತ ಒಬ್ಬ ಕಲಾವಿದ ನೌಕಾಪಡೆಯ ಕೆಲಸದಲ್ಲಿದ್ದ. ಕಡಲು, ಹಡಗು ಇವುಗಳನ್ನೇ ಬರೆಯುತ್ತಿದ್ದವನು. ರಜೆ ಹಾಕಿ ಮೀನು ಹಿಡಿಯಲು ಹೋಗಿದ್ದ. ಡೆವನ್‌ಪೋರ್ಟ್‌ಗೆ ವಾಪಸ್ ಬರುವಾಗ, ಗಡಗಡ ನಡುಗಿಸುವ ಚಳಿಯ ರೈಲು ಡಬ್ಬಿಯಲ್ಲಿ ಅವನಿಗೆ ಹೊಳೆದದ್ದು ಇಷ್ಟು: ಹಡಗನ್ನು ಬಚ್ಚಿಡಲು ಆಗುವುದಿಲ್ಲ. ಬೆಳಗ್ಗೆ ಇದ್ದ ಆಕಾಶ ಮಧ್ಯಾಹ್ನ ಇರಲ್ಲ, ಮೇಲಿಂದ ಚಿಮಣಿಯ ಹೊಗೆ ಬೇರೆ. ಹಾಗಾಗಿ ಬಚ್ಚಿಡುವುದನ್ನೇ ಬಿಟ್ಟು, ನೋಡುವವನ ಲೆಕ್ಕ ತಪ್ಪಿಸಬೇಕು. ಮೇ ತಿಂಗಳಲ್ಲಿ ಮೊದಲು ಬಣ್ಣ ಹಚ್ಚಿದ್ದು ಇಂಡಸ್ಟ್ರಿ ಅನ್ನುವ ಸಾಮಾನು ಸಾಗಿಸುವ ಹಡಗಿಗೆ. ಯುದ್ಧ ಮುಗಿಯುವ ಹೊತ್ತಿಗೆ ಸಾವಿರಾರು ಹಡಗುಗಳಿಗೆ ಇದೇ ವೇಷ.

ನನ್ನ ತಲೆನೋವು ಮೂರು. ಇದನ್ನು ಕನ್ನಡದಲ್ಲಿ ಏನಂತ ಕರೆಯುವುದು? ನಾವು 'ಕಣ್ಕಟ್ಟು' ಅಂತ ಇಟ್ಟಿದ್ದೇವೆ, ಒಬ್ಬ ಹಿರಿಯರು 'ಛದ್ಮಾವರಣ' ಅನ್ನಿ ಅಂದರು, ಅದನ್ನು ಮೂರನೇ ಕ್ಲಾಸಿನ ಮಗುವಿಗೆ ಓದಿ ಹೇಳುವುದನ್ನು ನೆನೆಸಿಕೊಂಡೇ ನನಗೆ ಸುಸ್ತಾಯಿತು. ಇನ್ನೊಂದು, ಕರಡು ಓದಿದವರೆಲ್ಲ 'ಸರಿ, ಕೊನೆಗೆ ಅದು ಕೆಲಸ ಮಾಡಿತಾ?' ಅಂತ ಕೇಳುತ್ತಾರೆ. ಮತ್ತೆ, ಸತ್ತವರ ಬಗ್ಗೆ ಎಷ್ಟು ಹೇಳಬೇಕು?

ಹಳೇನಾವಿಕ:

ಕಣ್ಕಟ್ಟು ಪದವನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ಜಾತ್ರೆಯಲ್ಲಿ ಕಣ್ಕಟ್ಟು ಮಾಡುವವನು ಎಲ್ಲೂ ಅಡಗಿರುವುದಿಲ್ಲ, ನಿಮ್ಮ ಮೂಗಿನ ಮುಂದೆಯೇ ನಿಂತಿರುತ್ತಾನೆ. ನೀವು ರೆಪ್ಪೆ ಮಿಟುಕಿಸದೆ ನೋಡುತ್ತೀರಿ, ಆದರೂ ಮೋಸ ಹೋಗುತ್ತೀರಿ. ಈ ಹಡಗುಗಳೂ ಅದೇ ಅಲ್ವಾ.

26 ವರ್ಷ ಸರಕು ಹಡಗುಗಳಲ್ಲಿದ್ದೆ, ಅದಕ್ಕೆ ಎರಡು ಮಾತು. ಟಾರ್ಪಿಡೋವನ್ನು, ಅಂದರೆ ಸಬ್‌ಮರೀನ್ ಬಿಡುವ ನೀರೊಳಗಿನ ಸಿಡಿಗುಂಡನ್ನು, ಹಡಗು ಇರುವ ಕಡೆಗೆ ಬಿಡುವುದಿಲ್ಲ. ಟಾರ್ಪಿಡೋ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹಡಗು ಎಲ್ಲಿರುತ್ತದೋ ಆ ಜಾಗಕ್ಕೆ ಬಿಡಬೇಕು. ಅದಕ್ಕೆ ಹಡಗು ಎಷ್ಟು ದೂರ, ಎಷ್ಟು ವೇಗ, ಮೂತಿ ಯಾವ ಕಡೆಗಿದೆ, ಈ ಮೂರೂ ಬೇಕು. ಪೆರಿಸ್ಕೋಪ್ ಮೇಲೆತ್ತಿ ಜಾಸ್ತಿ ಹೊತ್ತು ಇಟ್ಟರೆ ಅದು ಸೀಳಿದ ನೀರಿನ ನೊರೆ ಹಡಗಿನವರಿಗೆ ಕಾಣುತ್ತದೆ. ಹಾಗಾಗಿ ಎತ್ತಬೇಕು, ಒಂದಷ್ಟು ಸೆಕೆಂಡು ನೋಡಬೇಕು, ಇಳಿಸಬೇಕು. ಆ ಒಂದು ಇಣುಕಿಗೆ ಕಾಣುವ ಚಿತ್ರವನ್ನು ಕೆಡಿಸುವುದೇ ಈ ಬಣ್ಣದ ಕೆಲಸ.

ಮೂತಿ ಯಾವ ಕಡೆ ಅಂತ ಹೇಳುವುದು ಸುಲಭ ಅಂದುಕೊಳ್ಳಬೇಡಿ. ಒಮ್ಮೆ ಅರಬ್ಬಿ ಸಮುದ್ರದಲ್ಲಿ ಬೆಳಗಿನ ಮಂಜು ಮಂಜು ಬೆಳಕಲ್ಲಿ ಒಂದು ಮೀನಿನ ದೋಣಿ ನೋಡಿದೆ, ನಮಗೆ ಅಡ್ಡಲಾಗಿ ಎಡಕ್ಕೆ ಹೋಗುತ್ತಿದೆ ಅಂತ ಸುಮ್ನೆ ಇದ್ದೆ. ಎರಡು ನಿಮಿಷ ಬಿಟ್ಟು ನೋಡಿದರೆ ಅದು ನೇರ ನಮ್ಮ ಕಡೆಗೇ ಬರುತ್ತಿತ್ತು. ತಿರುಗಿಸಿದೆವು, ಏನೂ ಆಗಲಿಲ್ಲ, ಆದರೆ ಅವತ್ತು ತಿಂಡಿ ಸೇರಲಿಲ್ಲ. ಆ ದೋಣಿಗೆ ಪಟ್ಟೆಗಿಟ್ಟೆ ಏನೂ ಇರಲಿಲ್ಲ.

ಲೆಕ್ಕದಮೇಷ್ಟ್ರು:

ನಾವಿಕರು ಹೇಳಿದ್ದಕ್ಕೆ ಲೆಕ್ಕ ಹಾಕಿದೆ. ಪುಸ್ತಕದಲ್ಲಿ ಹಾಕಿದರೆ ಐದು ಆರನೇ ಕ್ಲಾಸಿನವರು ತಾವೇ ಮಾಡಿ ನೋಡಬಹುದು.

ಹಡಗು 100 ಮೀಟರ್ ಉದ್ದ, ಸಬ್‌ಮರೀನ್‌ನಿಂದ 1000 ಮೀಟರ್ ದೂರ, 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ವೇಗದಲ್ಲಿ ಅಡ್ಡಲಾಗಿ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಟಾರ್ಪಿಡೋ ವೇಗ 35 ನಾಟ್, ಅಂದರೆ ಸೆಕೆಂಡಿಗೆ ಸುಮಾರು 18 ಮೀಟರ್. ಮುಟ್ಟಲು ಹತ್ತಿರ ಹತ್ತಿರ 55 ಸೆಕೆಂಡು. ಅಷ್ಟರಲ್ಲಿ ಹಡಗು 280 ಮೀಟರ್ ಚಿಲ್ಲರೆ ಮುಂದೆ ಹೋಗಿರುತ್ತದೆ. ಈಗ ಪೆರಿಸ್ಕೋಪಿನವನು 10ರ ಬದಲು 8 ನಾಟ್ ಅಂತ ತಪ್ಪು ಅಂದಾಜು ಮಾಡಿದ ಅನ್ನಿ. ಹಡಗಿನ ನಡುವಿಗೆ ಗುರಿ ಇಟ್ಟರೂ ಟಾರ್ಪಿಡೋ ನಡುವಿನಿಂದ 57 ಮೀಟರ್ ಹಿಂದೆ ಹೋಗುತ್ತದೆ. ನಡುವಿನಿಂದ ಹಡಗಿನ ಬಾಲಕ್ಕೆ 50 ಮೀಟರ್. ಉಳಿದದ್ದು 7 ಮೀಟರ್. ಬರೀ ಎರಡು ನಾಟ್ ತಪ್ಪಿದ್ದಕ್ಕೆ ಹಡಗು ಏಳು ಮೀಟರ್‌ನಲ್ಲಿ ಬಚಾವ್.

ಏಳು ಮೀಟರ್ ಅಂದರೆ ಎಷ್ಟು ಅಂತ ಮಕ್ಕಳಿಗೆ ತೋರಿಸಬೇಕಾದರೆ ಕ್ಲಾಸ್ ರೂಮಿನ ಉದ್ದ ಸಾಕು.

ಪಟ್ಟೆಹುಲಿ:

ಲೆಕ್ಕ ಚೆನ್ನಾಗಿದೆ ಮೇಷ್ಟ್ರೇ, ಆದರೆ ಅದರಿಂದ ಏನು ಗೊತ್ತಾಯಿತು? ತಪ್ಪು ಅಂದಾಜು ಮಾಡಿದರೆ ಗುರಿ ತಪ್ಪುತ್ತದೆ ಅಂತ. ಪಟ್ಟೆ ನೋಡಿ ತಪ್ಪು ಅಂದಾಜು ಮಾಡಿದರು ಅನ್ನುವುದಕ್ಕೆ ಏನು ಆಧಾರ? ನನ್ನ ಮೊಬೈಲಿಗೆ ತಿಂಗಳಿಗೊಂದು ಸಲ ಇದರ ಫಾರ್ವರ್ಡ್ ಬರುತ್ತದೆ, 'ಒಬ್ಬ ಚಿತ್ರಗಾರನ ಕುಂಚ ಸಾವಿರಾರು ಹಡಗು ಉಳಿಸಿತು' ಅಂತ, ಕೆಳಗೆ ಕೈ ಮುಗಿಯುವ ಚಿಹ್ನೆ. ಮಕ್ಕಳ ಪುಸ್ತಕದಲ್ಲೂ ಅದೇ ಬಂದರೆ ಫಾರ್ವರ್ಡ್‌ಗೂ ಪುಸ್ತಕಕ್ಕೂ ಏನು ವ್ಯತ್ಯಾಸ?

ಹಳೇಪುಸ್ತಕ:

ಪಟ್ಟೆಹುಲಿ ಕೇಳಿದ್ದು ಸರಿ. ಬ್ರಿಟನ್ನಿನ ನೌಕಾಡಳಿತವೇ 1918ರಲ್ಲಿ ಒಂದು ಸಮಿತಿ ಮಾಡಿ ಇದನ್ನು ಲೆಕ್ಕ ಹಾಕಿಸಿತ್ತು. ಆ ವರ್ಷದ ಮೊದಲ ಮೂರು ತಿಂಗಳಲ್ಲಿ ದಾಳಿಗೆ ಸಿಕ್ಕ ಪಟ್ಟೆ ಹಡಗುಗಳಲ್ಲಿ ನೂರಕ್ಕೆ 72 ಮುಳುಗಿದವು ಅಥವಾ ಜಖಂ ಆದವು. ಪಟ್ಟೆ ಇಲ್ಲದವು ನೂರಕ್ಕೆ 62. ಅಂದರೆ ಬಣ್ಣ ಹಚ್ಚಿದ್ದೇ ಕೆಟ್ಟದ್ದಾಯಿತು ಅನ್ನಬೇಕು! ಮುಂದಿನ ಮೂರು ತಿಂಗಳಲ್ಲಿ ಉಲ್ಟಾ: ಪಟ್ಟೆಯವು 60, ಪಟ್ಟೆ ಇಲ್ಲದವು 68. ಇದರಿಂದ ಯಾವ ಕಡೆಗೂ ತೀರ್ಪು ಕೊಡಲು ಆಗಲ್ಲ. ಜೊತೆಗೆ 1917ರ ಬೇಸಿಗೆಯಿಂದ ಹಡಗುಗಳನ್ನು ಗುಂಪು ಕಟ್ಟಿ, ಸುತ್ತ ಯುದ್ಧನೌಕೆಗಳ ಕಾವಲಿಟ್ಟು ಕಳಿಸುವುದು ಶುರುವಾಯಿತು. ಹಡಗು ಉಳಿದರೆ ಅದು ಕಾವಲಿನಿಂದಲೋ ಬಣ್ಣದಿಂದಲೋ ಬಿಡಿಸಿ ಹೇಳುವವರು ಯಾರು?

ಸಮಿತಿ ಕೊನೆಗೆ ಹೇಳಿದ್ದು ನನಗೆ ತುಂಬಾ ಇಷ್ಟ. ಪ್ರಯೋಜನ ಇದೆ ಅಂತ ಅಂಕಿಗಳಲ್ಲಿ ಕಾಣುತ್ತಿಲ್ಲ, ಆದರೆ ಹಡಗಿನವರಿಗೆ ಇದರಿಂದ ಧೈರ್ಯ ಬರುತ್ತಿದೆ, ಹಾಗಾಗಿ ಮುಂದುವರಿಸಿ. ನಮ್ಮ ಲಾರಿಗಳ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರಲ್ಲ, ಹತ್ತಿರ ಹತ್ತಿರ ಅದೇ.

ಗುಬ್ಬಿಗೂಡು:

ಒಪ್ಪಿಕೊಳ್ಳುತ್ತೇನೆ. ನಮ್ಮ ಕರಡಿನ 28ನೇ ಪುಟದಲ್ಲಿ ಇದ್ದ ವಾಕ್ಯ: 'ಹೀಗೆ ಬಣ್ಣಗಳು ಸಾವಿರಾರು ಜೀವ ಉಳಿಸಿದವು.' ಈಗಷ್ಟೇ ಹೊಡೆದು ಹಾಕಿದೆ. ಆದರೆ ಆ ಜಾಗ ಖಾಲಿ. 'ಗೊತ್ತಿಲ್ಲ' ಅಂತ ಮುಗಿಸಿದರೆ ಮಕ್ಕಳಿಗೆ ಬೇಜಾರಾಗಲ್ವಾ?

ಪಟ್ಟೆಹುಲಿ:

ನನ್ನ ಮಗ ಡೈನೋಸಾರ್ ಪುಸ್ತಕದಲ್ಲಿ 'ಇವು ಯಾವ ಬಣ್ಣ ಇದ್ದವೋ ಇನ್ನೂ ಪೂರ್ತಿ ಗೊತ್ತಾಗಿಲ್ಲ' ಅನ್ನುವ ಪುಟವನ್ನೇ ಹತ್ತು ಸಲ ತೆಗೆಯುತ್ತಾನೆ. ಬೇಜಾರು ದೊಡ್ಡವರಿಗೆ ಮಾತ್ರ.

ಕಾಗದದೋಣಿ:

ನಾನು ಉಡುಪಿ ಕಡೆಯವಳು. ಈ ಚರ್ಚೆ ಓದಿ ಭಾನುವಾರ ನಮ್ಮ ಬೀದಿಯ ಏಳು ಮಕ್ಕಳನ್ನು ಕೂರಿಸಿಕೊಂಡು ಮಾಡಿ ನೋಡಿದೆ. ರಟ್ಟಿನಿಂದ ಒಂದೊಂದು ಅಡಿ ಉದ್ದದ ಎರಡು ಹಡಗು. ಒಂದಕ್ಕೆ ಬರೀ ಬೂದು, ಇನ್ನೊಂದಕ್ಕೆ ಪಟ್ಟೆ. ಮಗಳು ನೋಡಿದವಳೇ 'ಅಮ್ಮ, ಹಡಗಿಗೆ ಹುಲಿವೇಷ ಹಾಕಿದ್ದೀಯಾ?' ಅಂದಳು. ಕೇಕ್ ಇಡುವ ತಿರುಗುವ ತಟ್ಟೆ ಮೇಲೆ ಹಡಗು ಇಟ್ಟೆ, ಆ ತುದಿಯಲ್ಲಿ. ಈ ತುದಿಯಲ್ಲಿ ಮಕ್ಕಳು, ಟೂತ್‌ಪೇಸ್ಟ್ ಡಬ್ಬಿಯ ಎರಡೂ ಬದಿ ಕತ್ತರಿಸಿ ಅದರೊಳಗಿಂದ ಇಣುಕಬೇಕು. ಮೂರು ಎಣಿಸುವಷ್ಟು ಹೊತ್ತು ಮಾತ್ರ. ಆಮೇಲೆ ಹಡಗಿನ ಮೂತಿ ಎಲ್ಲಿತ್ತು ಅಂತ ನೆಲದ ಮೇಲೆ ಪೆನ್ಸಿಲ್ ಇಟ್ಟು ತೋರಿಸಬೇಕು.

ಆಗಿದ್ದು ಏನಪ್ಪಾ ಅಂದರೆ, ಬೂದು ಹಡಗಿನಲ್ಲೂ ತಪ್ಪಿದರು! ಎಲ್ಲರೂ ಒಂದೇ ಥರ ತಪ್ಪಿದರು, ನಮ್ಮ ಕಡೆ ವಾರೆಯಾಗಿ ಬರುವ ಹಡಗನ್ನೂ ಅಡ್ಡಲಾಗಿ ಹೋಗುತ್ತಿದೆ ಅಂದರು. ಪಟ್ಟೆಯದ್ದರಲ್ಲಿ ಏಳು ಪೆನ್ಸಿಲ್ ಏಳು ದಿಕ್ಕು, ಅದರ ಮೇಲೆ ಜಗಳ. ಒಬ್ಬನಂತೂ ನೀವು ತಟ್ಟೆ ತಿರುಗಿಸಿದಿರಿ ಆಂಟೀ ಅಂತ ನನ್ನ ಮೇಲೇ ಆರೋಪ ಮಾಡಿದ.

ಹಳೇಪುಸ್ತಕ:

ಕಾಗದದೋಣಿ ಅವರೇ, ನೀವು ಮಾಡಿದ್ದು ಅಕ್ಷರಶಃ 1917ರ ಪ್ರಯೋಗ. ಲಂಡನ್ನಿನ ರಾಯಲ್ ಅಕಾಡೆಮಿ ಅನ್ನುವ ಕಲಾಸಂಸ್ಥೆಯ ಕಟ್ಟಡ, ಬರ್ಲಿಂಗ್ಟನ್ ಹೌಸ್, ಅಲ್ಲಿ ವಿಲ್ಕಿನ್ಸನ್‌ಗೆ ಜಾಗ ಕೊಟ್ಟಿದ್ದರು. ಚಿತ್ರಕಲೆ ಕಲಿತ ಹೆಣ್ಣುಮಕ್ಕಳು ಪುಟ್ಟ ಮರದ ಹಡಗುಗಳಿಗೆ ಬಣ್ಣ ಹಚ್ಚುತ್ತಿದ್ದರು. ಅವನ್ನು ತಿರುಗುವ ಮೇಜಿನ ಮೇಲಿಟ್ಟು ಪೆರಿಸ್ಕೋಪಿನಿಂದ ನೋಡುವುದು, ಮೋಸ ಹೋದರೆ ಪಾಸು. ಪಾಸಾದ ನಮೂನೆಯ ನಕ್ಷೆ ಬಂದರಿಗೆ ಹೋಗಿ ಅಲ್ಲಿ ನಿಜವಾದ ಹಡಗಿಗೆ ಬಣ್ಣ. ರಾಜ ಐದನೇ ಜಾರ್ಜ್ ಒಮ್ಮೆ ನೋಡಲು ಬಂದಿದ್ದ, ಅವನೂ ನೌಕಾಪಡೆಯಲ್ಲಿ ಪಳಗಿದವನೇ. ಇಣುಕಿ ನೋಡಿ ಹಡಗು ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ ಹೋಗುತ್ತಿದೆ ಅಂದನಂತೆ. ಅದು ಪೂರ್ವ ಆಗ್ನೇಯಕ್ಕೆ ಮುಖ ಮಾಡಿತ್ತು. ವಿಲ್ಕಿನ್ಸನ್ ತಾನೇ ಹೇಳಿಕೊಂಡ ಕತೆ ಇದು, ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಇನ್ನೊಂದು ವಿಷಯ. ಬೂದು ಹಡಗಿನಲ್ಲೂ ತಪ್ಪಿದರು ಅಂದಿರಲ್ಲ, ಅದು ನಿಮ್ಮ ಮಕ್ಕಳ ತಪ್ಪಲ್ಲ. 1919ರಲ್ಲಿ ಅಮೆರಿಕದ ಎಂಐಟಿಯಲ್ಲಿ ಒಬ್ಬ ವಿದ್ಯಾರ್ಥಿ ಇದೇ ಥರ ಪರೀಕ್ಷೆ ಮಾಡಿ ಬಣ್ಣ ಚೆನ್ನಾಗಿ ಕೆಲಸ ಮಾಡುತ್ತದೆ ಅಂದಿದ್ದ. 2025ರಲ್ಲಿ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು ಆ ಹಳೇ ಅಂಕಿಗಳನ್ನು ಮತ್ತೆ ಕೆದಕಿದರು. ದೂರದ ಹಡಗು ದಿಗಂತದ ಗೆರೆಯ ಜೊತೆಗೇ ಸಾಗುತ್ತಿದೆ ಅಂತ ನಮ್ಮ ಕಣ್ಣಿಗೆ ಅನ್ನಿಸುತ್ತದೆ, ಬಣ್ಣ ಇರಲಿ ಬಿಡಲಿ. ತಪ್ಪಿನಲ್ಲಿ ದೊಡ್ಡ ಪಾಲು ಅದರದ್ದು, ಪಟ್ಟೆಗಳ ಪಾಲು ಚಿಕ್ಕದು ಅಂತ ಅವರಿಗೆ ಕಂಡಿತು.

ಹಳೇನಾವಿಕ:

ನನ್ನ ಮೀನಿನ ದೋಣಿ! ಅಡ್ಡಲಾಗಿ ಹೋಗುತ್ತಿದೆ ಅಂದುಕೊಂಡಿದ್ದು ಅದಕ್ಕೇ. ಇಷ್ಟು ವರ್ಷ ನಿದ್ದೆಗಣ್ಣು ಅಂತ ನನ್ನನ್ನೇ ಬೈದುಕೊಂಡಿದ್ದೆ.

ಮಸಿಕುಡಿಕೆ:

ಚಿತ್ರದ ಕಡೆಯಿಂದ ನನ್ನ ಗೋಳು ಕೇಳಿ. ಆಗಿನ ಫೋಟೋ ಬೇಕಾದಷ್ಟಿವೆ, ಆದರೆ ಎಲ್ಲ ಕಪ್ಪು ಬಿಳುಪು. ಆ ಬೂದು ಪಟ್ಟೆ ನಿಜಕ್ಕೂ ನೀಲಿಯೋ, ಹಸಿರೋ? ಫೋಟೋ ನೋಡಿ ಬಣ್ಣ ಊಹಿಸಿದರೆ ಸುಳ್ಳು ಬರೆದ ಹಾಗೆ. ಆಮೇಲೆ ಗೊತ್ತಾಯಿತು, ಆಗ ಬಣ್ಣ ಹಚ್ಚಿದ ಮಾದರಿ ಹಡಗುಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ. ಅಮೆರಿಕದ ರೋಡ್ ಐಲೆಂಡ್ ಕಲಾಶಾಲೆಯಲ್ಲಿ ನೂರಾರು ಬಣ್ಣದ ನಕ್ಷೆಗಳಿವೆ, ಆ ಕೆಲಸ ಮಾಡಿದವರೊಬ್ಬರು ಕೊಟ್ಟಿದ್ದು. ಇನ್ನೊಂದು, ಎಡ್ವರ್ಡ್ ವಾಡ್ಸ್‌ವರ್ತ್ ಅನ್ನುವ ಕಲಾವಿದ ಲಿವರ್‌ಪೂಲ್ ಬಂದರಿನಲ್ಲಿ ಬಣ್ಣ ಹಚ್ಚಿಸುವ ಮೇಲ್ವಿಚಾರಕನಾಗಿದ್ದ, 1919ರಲ್ಲಿ ಅದನ್ನೇ ದೊಡ್ಡದಾಗಿ ಚಿತ್ರ ಬರೆದ, ಈಗ ಕೆನಡಾದ ಒಟ್ಟಾವಾದಲ್ಲಿದೆ. ಹಡಗಿನ ಪಕ್ಕ ಹಲಗೆ ಕಟ್ಟಿಕೊಂಡು ಕುಂಚ ಹಿಡಿದು ನಿಂತವರು ಇರುವೆಗಳ ಥರ ಕಾಣುತ್ತಾರೆ. ನನ್ನ 11ನೇ ಪುಟಕ್ಕೆ ಆ ಅಳತೆ ಬೇಕಿತ್ತು, ಹಡಗು ಎಷ್ಟು ದೊಡ್ಡದು ಅನ್ನುವುದು ಪಕ್ಕದಲ್ಲಿ ಮನುಷ್ಯ ಇದ್ದರೇ ಗೊತ್ತಾಗುವುದು.

ಇನ್ನೊಂದು ಮಜಾ ಇದೆ. ಹಡಗಿನ ಎಡಬದಿ ನಮೂನೆಯೇ ಬೇರೆ, ಬಲಬದಿಯದ್ದೇ ಬೇರೆ. ಹಾಗಾಗಿ ಒಂದೇ ಹಡಗನ್ನು ಪುಟದ ಈಚೆ ಎಡಬದಿ, ಪುಟ ತಿರುಗಿಸಿದರೆ ಬಲಬದಿ ಬರೆದಿದ್ದೇನೆ. ಆಚೆ ಈಚೆ ತಿರುಗಿಸಿದರೆ ಎರಡು ಬೇರೆ ಹಡಗು ಅನ್ನಿಸಬೇಕು. ಆಗಲೇ ಒಂದು ಎಡವಟ್ಟೂ ಮಾಡಿದ್ದೇನೆ: ನಡುಪುಟದ ದೊಡ್ಡ ಚಿತ್ರದಲ್ಲಿ ಹಡಗಿನ ಮೂತಿ ಸರಿಯಾಗಿ ಹೊಲಿಗೆ ಇರುವ ಕಡೆ ಬಂದು ಮಡಿಕೆಯೊಳಗೆ ಸೇರಿ ಹೋಗಿದೆ. ಪ್ರೆಸ್ಸಿನವರು ನೋಡಿ 'ಮೇಡಂ, ನಿಮ್ಮ ಹಡಗಿಗೆ ಮೂತಿನೇ ಇಲ್ಲ' ಅಂದರು. ಜರ್ಮನ್ನರನ್ನು ಬಿಡಿ, ಬೈಂಡಿಂಗ್‌ನವನೇ ಗೆದ್ದ.

ಲೆಕ್ಕದಮೇಷ್ಟ್ರು:

ಬರವಣಿಗೆಯ ಬಗ್ಗೆ ಒಂದು ಅನುಮಾನ. ಗುಬ್ಬಿಗೂಡು ಅವರು ಕಳಿಸಿದ ಕರಡಿನಲ್ಲಿ ವಿಲ್ಕಿನ್ಸನ್ 'ಅವರು', 'ಬಂದರು', 'ಹೇಳಿದರು'. ಸಬ್‌ಮರೀನ್ ಕ್ಯಾಪ್ಟನ್ ಮಾತ್ರ 'ಅವನು', 'ಹೊಂಚು ಹಾಕಿದ'. ಇಂಗ್ಲಿಷಲ್ಲಿ ಈ ಸಮಸ್ಯೆಯೇ ಬರಲ್ಲ. ನಮ್ಮಲ್ಲಿ ಕ್ರಿಯಾಪದದ ಬಾಲ ನೋಡಿದರೆ ಸಾಕು, ಬರೆದವರು ಯಾರ ಪರ ಅಂತ ಗೊತ್ತಾಗುತ್ತದೆ.

ಗುಬ್ಬಿಗೂಡು:

ಅಯ್ಯೋ ಮೇಷ್ಟ್ರೇ. ನನಗೆ ಗೊತ್ತೇ ಆಗಿರಲಿಲ್ಲ. ಇಲ್ಲಿ ಮೇಲೆ ಹರಟುವಾಗ ವಿಲ್ಕಿನ್ಸನ್‌ಗೂ 'ಅವನು' ಅಂದಿದ್ದೇನೆ, ಪುಸ್ತಕದಲ್ಲಿ ಮಾತ್ರ ಮರ್ಯಾದೆ. ಜರ್ಮನಿಯ ಕ್ಯಾಪ್ಟನ್‌ಗೂ ಮನೆಯಲ್ಲಿ ಮಕ್ಕಳಿದ್ದಿರಬಹುದು. ಇಬ್ಬರಿಗೂ 'ಅವರು' ಅಂದರೆ ಎಂಟು ವರ್ಷದವರಿಗೆ ಬಿಗಿಯಾಗುತ್ತಾ? ಇಬ್ಬರನ್ನೂ 'ಅವನು' ಮಾಡುತ್ತೇನೆ. ಅಜ್ಜಿ ಕತೆಯಲ್ಲಿ ರಾಜನೂ ಅವನೇ, ಕಳ್ಳನೂ ಅವನೇ.

ಹಳೇಪುಸ್ತಕ:

ಹಾಗಾದರೆ ಒಲಿಂಪಿಕ್ ಹಡಗಿನ ಪುಟ ನೋಡಿಕೊಳ್ಳಿ. ಟೈಟಾನಿಕ್‌ನ ಜೋಡಿ ಹಡಗು ಅಂದ ತಕ್ಷಣ ಮಕ್ಕಳು ಕಿವಿ ನಿಮಿರಿಸುತ್ತಾರೆ. ಅದಕ್ಕೂ ಪಟ್ಟೆ ಬಳಿದು ಸೈನಿಕರನ್ನು ಸಾಗಿಸಲು ಬಿಟ್ಟಿದ್ದರು. 1918ರ ಮೇ 12ರಂದು ಯು-103 ಅನ್ನುವ ಸಬ್‌ಮರೀನ್ ಎದುರಿಗೆ ಸಿಕ್ಕಾಗ ಅದರ ಮೇಲೇ ಹಡಗು ಹಾಯಿಸಿ ಮುಳುಗಿಸಿತು. ಸಾಮಾನ್ಯವಾಗಿ ಇದನ್ನು ಚಪ್ಪಾಳೆ ಹೊಡೆಯುವ ಹಾಗೆ ಬರೆಯುತ್ತಾರೆ. ಆ ಸಬ್‌ಮರೀನ್ ಒಳಗಿದ್ದವರಲ್ಲೂ ಕೆಲವರು ಸತ್ತರು. ಅಷ್ಟು ಒಂದು ವಾಕ್ಯ ಇದ್ದರೆ ಸಾಕು, ರಕ್ತ ಗಿಕ್ತ ಬೇಡ.

ಯಾರು ಮೊದಲು ಯೋಚಿಸಿದ್ದು ಅನ್ನುವುದರಲ್ಲೂ ಒಂದು ಸಾಲು ಸೇರಿಸಿ. ಗ್ಲಾಸ್ಗೋದ ಪ್ರಾಣಿಶಾಸ್ತ್ರಜ್ಞ ಜಾನ್ ಗ್ರಹಾಂ ಕೆರ್ 1914ರಲ್ಲೇ, ಆಗ ನೌಕಾಡಳಿತದ ಮುಖ್ಯಸ್ಥನಾಗಿದ್ದ ಚರ್ಚಿಲ್‌ಗೆ ಕಾಗದ ಬರೆದಿದ್ದ, ಜಿರಾಫೆ, ಜೀಬ್ರಾ, ಜಾಗ್ವಾರ್‌ಗಳ ಉದಾಹರಣೆ ಕೊಟ್ಟು. ಯುದ್ಧ ಮುಗಿದ ಮೇಲೆ ಇದು ಯಾರ ಐಡಿಯಾ ಅಂತ ಇಬ್ಬರಿಗೂ ಜಟಾಪಟಿ. ಸರ್ಕಾರದ ಆಯೋಗ ವಿಲ್ಕಿನ್ಸನ್ ಪರ ತೀರ್ಪು ಕೊಟ್ಟಿತು, 2000 ಪೌಂಡ್ ಬಹುಮಾನ ಬೇರೆ.

ಹಳೇನಾವಿಕ:

ಹಡಗಿನ ಹೊರಮೈ ಬಗ್ಗೆ ಇಷ್ಟು ಮಾತಾಡಿದೆವು, ಒಳಗೆ ಯಾರಿದ್ದರು? ಬ್ರಿಟನ್ನಿನ ಸರಕು ಹಡಗುಗಳಲ್ಲಿ ಸಾವಿರಾರು ಮಂದಿ ಲಸ್ಕರರು, ಅಂದರೆ ನಮ್ಮ ಕಡೆಯ ಹಡಗು ಕೆಲಸಗಾರರು, ಬಂಗಾಳ, ಗೋವಾ, ಕೊಂಕಣ, ಗುಜರಾತಿನವರು. ಎಷ್ಟೋ ಜನರ ಕೆಲಸ ತಳದಲ್ಲಿ, ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವುದು. ಆ ಯುದ್ಧದಲ್ಲಿ ಸತ್ತ ಲಸ್ಕರರ ಸ್ಮಾರಕ ಕೋಲ್ಕತ್ತಾದಲ್ಲಿ ಹೂಗ್ಲಿ ದಂಡೆಯ ಹತ್ತಿರ ಇದೆ. ಪಟ್ಟೆ ನೋಡಿದರೆ ಧೈರ್ಯ ಬರುತ್ತದೆ ಅಂದರಲ್ಲ ಸಮಿತಿಯವರು, ತಳದಲ್ಲಿ ಇದ್ದಲು ಎತ್ತಿ ಹಾಕುವವನಿಗೆ ಆ ಪಟ್ಟೆ ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಕಬ್ಬಿಣದ ಗೋಡೆ. ಅದರ ಆಚೆ ನೀರು.

ಮಸಿಕುಡಿಕೆ:

ಸರ್, ಇದನ್ನು ಓದಿ ಎರಡು ದಿನ ಬೇರೇನೂ ಬರೆಯಲು ಆಗಲಿಲ್ಲ. ಹಡಗನ್ನು ಹಲಸಿನ ಹಣ್ಣಿನ ಥರ ಸೀಳಿ ತೋರಿಸುವ ಒಂದು ಪುಟ ಹಾಕುತ್ತಿದ್ದೇನೆ. ಮೇಲಿನ ಅರ್ಧ ಪಟ್ಟೆ, ಬಿಸಿಲು, ಕಡಲಹಕ್ಕಿ. ಕೆಳಗಿನ ಅರ್ಧದಲ್ಲಿ ಬಾಯ್ಲರ್‌ನ ಕೆಂಪು ಬೆಳಕು, ಸಲಿಕೆ ಹಿಡಿದ ಮೂವರು. ಮಾತು ಬೇಡ ಅಂತ ಗುಬ್ಬಿಗೂಡಿಗೂ ಹೇಳಿದ್ದೇನೆ, ಅವಳು ಒಂದು ಸಾಲಾದರೂ ಬೇಕು ಅಂತ ಹಟ ಹಿಡಿದಿದ್ದಾಳೆ. ನೋಡೋಣ ಯಾರು ಗೆಲ್ಲುತ್ತಾರೆ.

ಗುಬ್ಬಿಗೂಡು:

ನಾನೇ ಸೋತೆ. ಆ ಪುಟದಲ್ಲಿ ಮಾತಿಲ್ಲ.

28ನೇ ಪುಟ ಈಗ ಹೀಗಿದೆ: 'ಪಟ್ಟೆಗಳು ಹಡಗು ಉಳಿಸಿದವಾ? ಲೆಕ್ಕ ಹಾಕಿದವರು ಇದ್ದಾರೆ. ಒಂದು ಲೆಕ್ಕ ಹೌದು ಅಂದಿತು. ಇನ್ನೊಂದು ಇಲ್ಲ ಅಂದಿತು. ನೀವೇ ಒಂದು ಹಡಗು ಮಾಡಿ ನೋಡಿ.' ಎದುರು ಪುಟದಲ್ಲಿ ಕಾಗದದೋಣಿ ಅವರ ಟೂತ್‌ಪೇಸ್ಟ್ ಡಬ್ಬಿ, ತಿರುಗುವ ತಟ್ಟೆ, ಏಳು ಪೆನ್ಸಿಲ್. ತಟ್ಟೆ ಇಲ್ಲದವರು ಚಪಾತಿ ಮಣೆಯನ್ನು ಬೋರಲು ಹಾಕಿದ ಬಟ್ಟಲಿನ ಮೇಲಿಟ್ಟು ಕೈಯಲ್ಲೇ ತಿರುಗಿಸಬಹುದು.

ಮಸಿಕುಡಿಕೆ:

ಕೊನೆಗೆ ಒಂದು ಸಹಾಯ ಮಾಡಿ. 14ನೇ ಪುಟದ ಹಡಗಿನ ಚಿತ್ರ ಕೆಳಗೆ ಹಾಕಿದ್ದೇನೆ. ಮೂರು ಎಣಿಸುವಷ್ಟು ಹೊತ್ತು ಮಾತ್ರ ನೋಡಿ, ಯಾವ ಕಡೆ ಹೋಗುತ್ತಿದೆ ಹೇಳಿ. ದೊಡ್ಡದು ಮಾಡಿ ನೋಡಬಾರದು.

ಪಟ್ಟೆಹುಲಿ:

ಎಡಕ್ಕೆ. ಅನುಮಾನವೇ ಇಲ್ಲ.

ಲೆಕ್ಕದಮೇಷ್ಟ್ರು:

ಬಲಕ್ಕೆ, ನಮ್ಮಿಂದ ದೂರ ಹೋಗುತ್ತಿದೆ.

ಕಾಗದದೋಣಿ:

ಮಗಳು ನಮ್ಮ ಕಡೆಗೇ ಬರುತ್ತಿದೆ ಅಂತಾಳೆ. ನನಗೂ ಹಾಗೇ ಅನ್ನಿಸಿತು.

ಹಳೇನಾವಿಕ:

ಎಡಕ್ಕೆ, 12 ನಾಟ್ ಇರಬಹುದು. ಹಿಂದಿನ ನೊರೆ ನೋಡಿದರೆ ಗೊತ್ತಾಗುತ್ತದೆ.

ಮಸಿಕುಡಿಕೆ:

ನೊರೆ ಅಲ್ಲ ಸರ್, ಅದು ಬಿಳಿ ಪಟ್ಟೆ. ಹಡಗು ಲಂಗರು ಹಾಕಿ ನಿಂತಿದೆ. ಸರಪಳಿ ನೋಡಿ.

ಹಳೇನಾವಿಕ:

ಈಗ ದೊಡ್ಡದು ಮಾಡಿ ನೋಡಿದೆ. ಸರಪಳಿ ಇದೆ. ನನ್ನ ಹೆಂಡತಿಗೆ ಇದನ್ನು ತೋರಿಸುವುದಿಲ್ಲ.